ನೊಂದ ಪಾತ್ರವನ್ನು ನಡೆಸುವ ಬಗೆ

ಬಾನುಲಿ ನಾಟಕವನ್ನು ಕೇಳುವ ಅಭ್ಯಾಸವುಳ್ಳವರಿಗೆ ಒಂದು ಮಾತನ್ನು ಹೊಸದಾಗಿ ಹೇಳಬೇಕಾಗಿಲ್ಲ. ವೇಷಭೂಷಣಗಳಿಲ್ಲದೆ, ರಂಗಮಂಟಪವಿಲ್ಲದೆ, ಬರಿಯ ಮಾತಿನ ಬಲದಿಂದಲೇ ಒಂದು ಪಾತ್ರ ನಮ್ಮ ನಡುಮನೆಗೆ ಬಂದು ನಿಲ್ಲಬಲ್ಲುದು. ಅದರ ಸುಖದುಃಖಗಳಲ್ಲಿ ನಾವು ಪಾಲುಗೊಳ್ಳಬಲ್ಲೆವು. ಇಂತಹ ಮಾತಿನ ನಾಟಕವನ್ನು ಕೇಳುವುದರ ಬದಲು, ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ತಾವೇ ಆಡುವ ಒಂದು ಆಟವಿದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ರೋಲ್ ಪ್ಲೇಯಿಂಗ್ ಗೇಮ್’ ಎಂದು ಹೆಸರು. ಕನ್ನಡದಲ್ಲಿ ‘ಪಾತ್ರದಾಟ’ ಎನ್ನೋಣ. ಆ ಆಟದಲ್ಲಿ ನೊಂದ ಪಾತ್ರವೊಂದನ್ನು ಕಟ್ಟುವುದು ಹೇಗೆ, ಕಟ್ಟಿದ ಮೇಲೆ ಜೊತೆಯವರಿಗೆ ಬೇಸರವಾಗದಂತೆ, ತನಗೂ ಪೆಟ್ಟಾಗದಂತೆ ಅದನ್ನು ನಡೆಸುವುದು ಹೇಗೆ ಎಂಬುದು ಈ ಲೇಖನದ ವಿಷಯ. ಐವತ್ತು ದಾಟಿದ ಕನ್ನಡ ಮೇಷ್ಟರಿಗೆ ಈ ಉಸಾಬರಿ ಏಕೆಂದು ಓದುಗರು ಕೇಳಿಯಾರು. ಅದಕ್ಕೆ ಉತ್ತರ ಮುಂದೆ ಬರುತ್ತದೆ.

ಮೊದಲು ಆಟದ ಪರಿಚಯ ಮಾಡಿಕೊಳ್ಳೋಣ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರಬಿತ್ತು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಅದರ ಕರ್ತೃಗಳು. ಒಂದು ಪೆಟ್ಟಿಗೆಯಲ್ಲಿ ಮೂರು ಕಿರುಹೊತ್ತಗೆಗಳು. ಮೊದಲ ಮುದ್ರಣ 1000 ಪ್ರತಿ. ಅದಕ್ಕೆ ಮುಂಚೆ ಮೇಜಿನ ಮೇಲೆ ಸಣ್ಣ ಸಣ್ಣ ಬೊಂಬೆಗಳನ್ನಿಟ್ಟು ಆಡುವ ಯುದ್ಧದ ಆಟಗಳಿದ್ದವು. ಅವುಗಳಲ್ಲಿ ಒಬ್ಬ ಆಟಗಾರ ಸಾಮಾನ್ಯವಾಗಿ ಒಂದು ಸೈನ್ಯವನ್ನೇ ನಡೆಸುತ್ತಿದ್ದ. ಹೊಸ ಆಟದಲ್ಲಾದರೋ ಒಬ್ಬ ಆಟಗಾರನಿಗೆ ಒಬ್ಬನೇ ವ್ಯಕ್ತಿ. ಈ ಬದಲಾವಣೆ ನೋಡಲು ಅಲ್ಪ, ಪರಿಣಾಮದಲ್ಲಿ ದೊಡ್ಡದು. ಸೈನ್ಯಕ್ಕೆ ಬಾಲ್ಯವಿಲ್ಲ, ಪಶ್ಚಾತ್ತಾಪವಿಲ್ಲ. ಒಬ್ಬ ಮನುಷ್ಯನಿಗೆ ಇವೆರಡೂ ಇರುತ್ತವೆ.

ಆಟ ನಡೆಯುವ ಕ್ರಮ ಸರಳವಾದುದು. ಒಬ್ಬನು ಸೂತ್ರಧಾರ. ಅವನು ಸನ್ನಿವೇಶವನ್ನು ಹೇಳುತ್ತಾನೆ: “ಮಳೆ ಸುರಿಯುತ್ತಿದೆ. ಮುಂದೆ ಮುಚ್ಚಿದ ಬಾಗಿಲು. ಒಳಗಿನಿಂದ ಯಾರೋ ನರಳುವ ಸದ್ದು. ಏನು ಮಾಡುತ್ತೀರಿ?” ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುವುದೆಂದು, ಏನು ಆಡುವುದೆಂದು ಹೇಳುತ್ತಾರೆ. ಫಲ ಸಂದೇಹವಾಗಿದ್ದರೆ ದಾಳ ಉರುಳಿಸಬೇಕು. ನಮ್ಮ ಪಗಡೆಯ ದಾಳದಂತಲ್ಲ ಇದು. 20 ಮುಖಗಳ ದಾಳ. ಬಾಗಿಲನ್ನು ಒಡೆಯಲು 15 ಬೇಕೆಂದು ಸೂತ್ರಧಾರ ಗೊತ್ತುಮಾಡಿದನೆನ್ನಿ. ಪಾತ್ರದ ತೋಳ್ಬಲಕ್ಕೆ 3 ಸೇರಿಸುವ ಅವಕಾಶವಿದ್ದರೆ, ದಾಳದಲ್ಲಿ 12 ಅಥವಾ ಅದಕ್ಕೆ ಮೇಲ್ಪಟ್ಟು ಬಿದ್ದರೆ ಸಾಕು. ಅಂದರೆ 20 ಮುಖಗಳಲ್ಲಿ 9 ಅವನಿಗೆ ಅನುಕೂಲ, 11 ಪ್ರತಿಕೂಲ.

ಕರಾವಳಿಯ, ಮಲೆನಾಡಿನ ಓದುಗರಿಗೆ ತಾಳಮದ್ದಳೆ ನೆನಪಾಗಬಹುದು. ಅಲ್ಲಿಯೂ ಅರ್ಥಧಾರಿಗಳು ವೇಷವಿಲ್ಲದೆ ಕುಳಿತು, ಭಾಗವತರ ಪದ್ಯವನ್ನು ಹಿಡಿದು, ಆಗಿಂದಾಗ ಹುಟ್ಟಿದ ಮಾತಿನಲ್ಲಿ ಪಾತ್ರವನ್ನು ಬೆಳೆಸುತ್ತಾರೆ. ಆದರೆ ಒಂದು ಭೇದವುಂಟು. ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ತಿಳಿದದ್ದು. ಕರ್ಣ ಎಷ್ಟೇ ಚೆನ್ನಾಗಿ ವಾದಿಸಿದರೂ ರಥದ ಗಾಲಿ ಹೂತೇ ಹೂಳುತ್ತದೆ. ಪಾತ್ರದಾಟದಲ್ಲಿ ಕೊನೆ ಯಾರಿಗೂ ತಿಳಿಯದು, ಸೂತ್ರಧಾರನಿಗೂ ತಿಳಿಯದು.

ಮೊದಮೊದಲು ಈ ಆಟದ ಪಾತ್ರವೆಂದರೆ ಆರು ಅಂಕಿಗಳ ಮೊತ್ತ: ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು. ಮನಸ್ಸಿನ ನೋವಿಗೆ ಹಾಳೆಯ ಮೇಲೆ ಸ್ಥಳವಿರಲಿಲ್ಲ. ಬರಬರುತ್ತಾ ಆ ಸ್ಥಳವೂ ಒದಗಿತು. 1981ರಲ್ಲಿ ಸ್ಯಾಂಡಿ ಪೀಟರ್ಸನ್ ರಚಿಸಿದ ‘ಕಾಲ್ ಆಫ್ ಕ್ಥುಲ್ಹು’ ಎಂಬ ಆಟದಲ್ಲಿ ಮನಃಸ್ಥೈರ್ಯಕ್ಕೆ ಒಂದು ಅಂಕಿಯನ್ನಿಟ್ಟರು. ಭೀಕರವಾದುದನ್ನು ಕಂಡಷ್ಟೂ ಅದು ಇಳಿಯುತ್ತದೆ. 1985ರಲ್ಲಿ ಗ್ರೆಗ್ ಸ್ಟಾಫರ್ಡ್, ಆರ್ಥರ್ ದೊರೆಯ ಕಾಲದ ವೀರರನ್ನು ಕುರಿತ ‘ಪೆಂಡ್ರಾಗನ್’ ಆಟದಲ್ಲಿ ಗುಣಗಳನ್ನು ಜೋಡಿಜೋಡಿಯಾಗಿ ನಿಲ್ಲಿಸಿದರು: ಕರುಣೆ-ಕ್ರೌರ್ಯ, ನಂಬುಗೆ-ಶಂಕೆ, ಶೌರ್ಯ-ಹೇಡಿತನ, ಹೀಗೆ 13 ಜೋಡಿ. ಪ್ರತಿ ಜೋಡಿಯ ಮೊತ್ತ 20. ನಂಬುಗೆ 6 ಇದ್ದವನಿಗೆ ಶಂಕೆ 14. ಪಾತ್ರ ಗೆಳೆಯನನ್ನು ನಂಬಬೇಕೆಂದು ಆಟಗಾರ ಬಯಸಿದರೂ ದಾಳ ಒಪ್ಪದೆ ಹೋಗಬಹುದು. ತನ್ನ ಮನಸ್ಸೇ ತನ್ನ ಮಾತು ಕೇಳದಿರುವ ಅನುಭವ ಯಾರಿಗಿಲ್ಲ? ಅದನ್ನು ಅಂಕಿಗಳಲ್ಲಿ ಹಿಡಿದ ಜಾಣ್ಮೆ ಮೆಚ್ಚತಕ್ಕದ್ದು.

1986ರಲ್ಲಿ ಬಂದ ಸ್ಟೀವ್ ಜಾಕ್ಸನ್ನರ ‘ಗರ್ಪ್ಸ್’ ಇನ್ನೊಂದು ದಾರಿ ಹಿಡಿಯಿತು. ಪಾತ್ರಕ್ಕೆ ಒಂದು ನ್ಯೂನತೆಯನ್ನು ಒಪ್ಪಿಕೊಂಡರೆ ಅದಕ್ಕೆ ಪ್ರತಿಯಾಗಿ ಕೆಲವು ಅಂಕಗಳು ದೊರೆಯುತ್ತವೆ. ಆ ಅಂಕಗಳಿಂದ ಶಕ್ತಿಗಳನ್ನು ಕೊಳ್ಳಬಹುದು. ಉಪಾಯ ಒಳ್ಳೆಯದೇ. ಆದರೆ ಲಾಭದ ಆಸೆಯಿಂದ ಕುಡಿತ, ಹಗೆ, ಭೀತಿ ಇವುಗಳನ್ನೆಲ್ಲ ಹಾಳೆಯ ಮೇಲೆ ಪೇರಿಸಿ, ಆಡುವಾಗ ಒಂದನ್ನೂ ನೆನೆಯದಿರುವವರಿಗೂ ಅದು ಎಡೆಕೊಡುತ್ತದೆ. 2014ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆವೃತ್ತಿಯಲ್ಲಿ ಪಾತ್ರದ ಹಾಳೆಯ ಮೇಲೆ ನಾಲ್ಕು ಮನೆಗಳಿದ್ದವು: ಲಕ್ಷಣ, ಆದರ್ಶ, ಬಂಧ, ದೋಷ. ಇವಕ್ಕೆ ತಕ್ಕಂತೆ ಆಡಿದವನಿಗೆ ಸೂತ್ರಧಾರ ಒಂದು ಬಹುಮಾನ ಕೊಡಬಹುದಾಗಿತ್ತು: ಒಮ್ಮೆ ಎರಡು ದಾಳಗಳನ್ನು ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳುವ ಅವಕಾಶ. ಈ ನಾಲ್ಕರಲ್ಲಿ ‘ಬಂಧ’ ಎಂಬ ಮನೆಯನ್ನು ಓದುಗರು ಗಮನದಲ್ಲಿಡಬೇಕು. ಅದರ ಮಾತು ಮತ್ತೆ ಬರಲಿದೆ.

ಇನ್ನು ನನ್ನ ಅನುಭವ. ಒಂದು ದಸರೆ ರಜೆಯಲ್ಲಿ, ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ ಮನೆಗೆ ಬಂದವನು, ನನ್ನ ಮಗಳನ್ನೂ ನನ್ನ ಹಳೆಯ ಶಿಷ್ಯರಿಬ್ಬರನ್ನೂ ಕೂಡಿಸಿಕೊಂಡು ಊಟದ ಮೇಜಿನ ಮೇಲೆ ಈ ಆಟ ಹೂಡಿದ. ಸಂಜೆಯ ಗದ್ದಲ ತಡೆಯಲಾರದೆ ವಿಚಾರಿಸಲು ಹೋದ ನನ್ನನ್ನು, “ಮಾವ, ನೀವೂ ಕೂತ್ಕೊಳ್ಳಿ, ಒಬ್ಬರು ಕಡಿಮೆ ಇದ್ದಾರೆ” ಎಂದು ಕೂರಿಸಿಯೇ ಬಿಟ್ಟ. ಮಗಳು ನಾಟಿ ವೈದ್ಯೆ, ಶಿಷ್ಯೆ ಕಳ್ಳಿ, ಶಿಷ್ಯ ಬಿಲ್ಲುಗಾರ. ನನಗೊಂದು ಪಾತ್ರ ಬೇಕಾಯಿತು.

ಪಂಡಿತ ಪರೀಕ್ಷೆಗೆ ಓದಿದ ಅಲಂಕಾರಶಾಸ್ತ್ರವೆಲ್ಲ ಆ ರಾತ್ರಿ ಜಾಗೃತವಾಯಿತು. ಮಲ್ಲಯ್ಯನೆಂಬ ಕೋಟೆಯ ಕಾವಲುಗಾರನನ್ನು ಸೃಷ್ಟಿಸಿ, ನಾಲ್ಕು ಪುಟ ಪೂರ್ವಕಥೆ ಬರೆದೆ. ಸೀಮೆಯಲ್ಲಿ ಮಾರಿಬೇನೆ ಹರಡಿದೆ. ಕತ್ತಲಾದ ಮೇಲೆ ಬಾಗಿಲು ತೆರೆಯಕೂಡದೆಂದು ಅಪ್ಪಣೆ. ತಡವಾಗಿ ಬಂದ ಒಡಹುಟ್ಟಿದ ತಮ್ಮ ಹೊರಗಿನಿಂದ ಕೂಗುತ್ತಾನೆ. ಮಲ್ಲಯ್ಯ ಅಪ್ಪಣೆ ಮೀರುವುದಿಲ್ಲ. ಬೆಳಗ್ಗೆ ತೆರೆದಾಗ ತಮ್ಮ ಬಾಗಿಲ ಬುಡದಲ್ಲಿ ಸತ್ತುಬಿದ್ದಿರುತ್ತಾನೆ. ಅಂದಿನಿಂದ ಮಲ್ಲಯ್ಯ ಯಾರೊಡನೆಯೂ ಬೆರೆಯುವುದಿಲ್ಲ, ನಗುವುದಿಲ್ಲ, ಯಾರ ಸಹಾಯವನ್ನೂ ಬೇಡುವುದಿಲ್ಲ. ಬರೆದು ಮುಗಿಸಿದಾಗ ನನಗೆ ಬಹಳ ತೃಪ್ತಿಯಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಎರಡು ಸಂಜೆ ಆಡಿದೆವು. ಎಲ್ಲರೂ ಬೆಂಕಿ ಕಾಯಿಸುತ್ತಿದ್ದರೆ ನನ್ನ ಮಲ್ಲಯ್ಯ ದೂರ ಕುಳಿತ. ಕೇಳಿದ ಪ್ರಶ್ನೆಗೆ ಉತ್ತರಿಸಲಿಲ್ಲ. ವೈದ್ಯೆ ಗಾಯಕ್ಕೆ ಮದ್ದು ಕಟ್ಟಲು ಬಂದರೆ ಕೈ ಕೊಡವಿದ. ನಡುನಡುವೆ ನಾನು ದೀರ್ಘವಾದ ಸ್ವಗತಗಳನ್ನು ಹೇಳಿದೆ. ಮೂರನೆಯ ಸಂಜೆ ಆ ಕಳ್ಳಿಯ ಪಾತ್ರದ ಹುಡುಗಿ ದಾಳವನ್ನು ಮೇಜಿನ ಮೇಲಿಟ್ಟು ಮೆಲ್ಲನೆ ಹೇಳಿದಳು: “ಸಾರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಮಲ್ಲಯ್ಯನಿಗೆ ನಾವು ಯಾತಕ್ಕೂ ಬೇಡ. ಅವನ ಕತೆ ನಾವಿಲ್ಲದಾಗಲೇ ಮುಗಿದುಹೋಗಿದೆ. ನಾವಿಲ್ಲಿ ಏನು ಮಾಡೋಣ ಹೇಳಿ?”

ಮೂವತ್ತು ವರ್ಷ ಪಾಠ ಹೇಳಿದವನಿಗೆ ಆ ಹುಡುಗಿ ಒಂದು ಮಾತಿನಲ್ಲಿ ಪಾಠ ಹೇಳಿದಳು. ನೊಂದ ಪಾತ್ರವನ್ನು ಕಟ್ಟುವವರು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪು ಇದೇ. ನೋವನ್ನೆಲ್ಲ ಹಿಂದಿನ ಕಾಲದಲ್ಲಿ ಇಟ್ಟು ಬೀಗ ಹಾಕಿಬಿಡುತ್ತಾರೆ. ಬೀಗದ ಕೈ ಜೊತೆಯವರ ಬಳಿ ಇರುವುದಿಲ್ಲ. ಕಾವ್ಯ ಓದುವವನು ಒಬ್ಬನೇ ಕುಳಿತು ನಾಯಕನ ಅಳಲಿಗೆ ಮರುಗಬಹುದು. ಮೇಜಿನ ಸುತ್ತ ಕುಳಿತವರಾದರೋ ಬರಿಯ ಓದುಗರಲ್ಲ, ಕತೆಯಲ್ಲಿ ಅವರಿಗೂ ಪಾಲಿದೆ. ಕರ್ಣನನ್ನೇ ನೋಡಿ. ಅವನ ನೋವು ಅವನ ಹುಟ್ಟಿನಲ್ಲಿದೆ, ನಿಜ. ಆದರೆ ಕತೆ ನಡೆಯುವುದು ಆ ನೋವು ಅವನಿಂದ ಮಾಡಿಸುವ ಕೆಲಸಗಳಲ್ಲಿ: ಕೇಳಿದವರಿಗೆ ಇಲ್ಲವೆನ್ನದ ದಾನದಲ್ಲಿ, ಜನ್ಮದ ಗುಟ್ಟು ತಿಳಿದ ಮೇಲೂ ದುರ್ಯೋಧನನ ಕೈ ಬಿಡದ ಸ್ನೇಹದಲ್ಲಿ. ಆ ಬಂಧವಿಲ್ಲದಿದ್ದರೆ ಅವನು ಮೂಲೆಯಲ್ಲಿ ಕುಳಿತು ಕೊರಗುವ ಒಬ್ಬ ನತದೃಷ್ಟನಾಗುತ್ತಿದ್ದ, ಅಷ್ಟೆ. ನೋವು ಬಂಧವಾಗಿ, ಬಂಧ ಕ್ರಿಯೆಯಾಗಿ ಹೊರಬರಬೇಕು. ಆ ಕ್ರಿಯೆಗೆ ಜೊತೆಯವರು ಉತ್ತರ ಕೊಡುವಂತಿರಬೇಕು. ನೊಂದ ಪಾತ್ರದ ಗುಟ್ಟೆಲ್ಲ ಇಷ್ಟರಲ್ಲಿದೆಯೆಂದು ನನ್ನ ನಂಬಿಕೆ.

ಎರಡನೆಯ ತಪ್ಪು ಇನ್ನೂ ಹೆಚ್ಚು ಕಾಣುವಂಥದು. ಒಬ್ಬ ಆಟಗಾರನ ಪಾತ್ರ ಜೊತೆಯವರ ಹಣ ಕದಿಯುತ್ತದೆ, ಸೆರೆಸಿಕ್ಕವರನ್ನು ಕೊಲ್ಲುತ್ತದೆ, ಎಲ್ಲರೂ ಕೂಡಿ ಮಾಡಿದ ಏರ್ಪಾಟನ್ನು ಕೆಡಿಸುತ್ತದೆ. ಏಕೆಂದು ಕೇಳಿದರೆ, “ನಾನೇನು ಮಾಡಲಿ, ನನ್ನ ಪಾತ್ರವೇ ಅಂಥದು” ಎಂಬ ಉತ್ತರ. ಈ ಆಟ ಆಡುವವರ ನಡುವೆ ಈ ಉತ್ತರ ಕುಪ್ರಸಿದ್ಧವಾದುದು. ಇದರಲ್ಲಿರುವ ತರ್ಕದೋಷ ಸ್ಪಷ್ಟ. ಪಾತ್ರವನ್ನು ‘ಅಂಥದು’ ಎಂದು ಬರೆದವನು ಆಟಗಾರನೇ. ಪಾತ್ರಕ್ಕೆ ಆಯ್ಕೆಯಿಲ್ಲದಿದ್ದರೂ ಕರ್ತೃವಿಗೆ ಇದೆ. ಕ್ಷೇಮೇಂದ್ರ ಕಾವ್ಯಕ್ಕೆ ಔಚಿತ್ಯವೇ ಜೀವವೆಂದ. ಇಲ್ಲಿ ಔಚಿತ್ಯಕ್ಕೆ ಎರಡು ಮುಖ: ಪಾತ್ರಕ್ಕೆ ಉಚಿತವಾದುದು ಒಂದು, ಮೇಜಿಗೆ ಉಚಿತವಾದುದು ಇನ್ನೊಂದು. ಒಂದೇ ಸ್ವಭಾವದಿಂದ ಹತ್ತು ಬಗೆಯ ನಡತೆ ಹುಟ್ಟಬಹುದು. ಕೋಪಿಷ್ಠನಾದವನು ಗೆಳೆಯನಿಗೆ ಹೊಡೆಯಬಹುದು. ಗೋಡೆಗೆ ಗುದ್ದಿ ಕೈ ಮುರಿದುಕೊಳ್ಳಬಹುದು. ರಾತ್ರಿಯೆಲ್ಲ ಸೌದೆ ಸೀಳುತ್ತಾ ನಿಲ್ಲಬಹುದು. ಈ ಹತ್ತರಲ್ಲಿ ಜೊತೆಯವರಿಗೆ ಆಟವನ್ನು ತೆರೆದುಕೊಡುವಂಥದನ್ನು ಆರಿಸಿಕೊಳ್ಳುವುದೇ ಒಳ್ಳೆಯ ಆಟಗಾರನ ಲಕ್ಷಣ.

ನಾನು ಮಲ್ಲಯ್ಯನ ಹಾಳೆಯನ್ನು ತಿದ್ದಲು ಕುಳಿತೆ. ಇನ್ನು ಮೇಲೆ ಯಾರನ್ನೂ ಹೊರಗೆ ಬಿಡಲಾರೆನೆಂಬುದು ಅವನ ಹಟವಾಗಲಿ ಎಂದುಕೊಂಡೆ. ಪ್ರತಿ ರಾತ್ರಿ ಮಲಗುವ ಮುನ್ನ ಅವನು ಜೊತೆಯವರ ತಲೆ ಎಣಿಸುತ್ತಾನೆ: ಒಂದು, ಎರಡು, ಮೂರು. ಎಣಿಕೆ ಸರಿಯಾದ ಹೊರತು ಕದ ಹಾಕಗೊಡುವುದಿಲ್ಲ. ಮೂರು ಪದಗಳಲ್ಲಿ ಮುಗಿಯುವ ಈ ಅಭ್ಯಾಸ ನನ್ನ ನಾಲ್ಕು ಪುಟದ ಪೂರ್ವಕಥೆಗಿಂತ ಹೆಚ್ಚು ಕೆಲಸ ಮಾಡಿತು. ಹುಡುಗರು ಅದನ್ನು ಹಾಸ್ಯ ಮಾಡಿದರು, ತಪ್ಪಿಸಿಕೊಂಡು ಕಾಡಿಸಿದರು, ಆಮೇಲೆ ತಾವಾಗಿಯೇ ಬಂದು ಎದುರು ನಿಲ್ಲತೊಡಗಿದರು.

ಇಷ್ಟಕ್ಕೇ ಮುಗಿದಿದ್ದರೆ ಈ ಲೇಖನ ಬರೆಯುವ ಅಗತ್ಯವಿರುತ್ತಿರಲಿಲ್ಲ. ಐದನೆಯ ಸಂಜೆ ನಮ್ಮ ತಂಡ ಒಂದು ಹಳೆಯ ಕೋಟೆಯಲ್ಲಿ ತಂಗಿತ್ತು. ನನ್ನ ಹಾಳೆಯನ್ನು ಓದಿದ್ದ ತಂಗಿಯ ಮಗ, ಸಹಜವಾಗಿಯೇ, ಅದನ್ನು ಕತೆಗೆ ಬಳಸಿಕೊಂಡ. ಸ್ವರ ತಗ್ಗಿಸಿ ಹೇಳಿದ: “ನಡುರಾತ್ರಿ. ಹೊರಗಿನಿಂದ ಬಾಗಿಲು ಬಡಿಯುವ ಸದ್ದು. ಮಲ್ಲಯ್ಯ, ಧ್ವನಿ ನಿನ್ನ ತಮ್ಮನದು. ಅಣ್ಣಾ, ಬಾಗಿಲು ತೆಗಿ ಅಂತಾನೆ. ಏನು ಮಾಡ್ತೀಯ?”

ನನಗೆ ಮಾತು ಹೊರಡಲಿಲ್ಲ. ಆ ಕ್ಷಣದವರೆಗೂ ನನಗೆ ತಿಳಿಯದಿದ್ದುದು ಆಗ ತಿಳಿಯಿತು. ನನಗೊಬ್ಬ ತಮ್ಮನಿದ್ದ. ಮನೆಯ ಪಾಲಿನ ವಿಷಯದಲ್ಲಿ ಮನಸ್ತಾಪವಾಗಿ ಎರಡು ವರ್ಷ ನಾವು ಮಾತು ಬಿಟ್ಟಿದ್ದೆವು. ಒಂದು ಸಂಜೆ ಅವನು ಫೋನ್ ಮಾಡಿದ. ಹೆಸರು ನೋಡಿ ನಾನು ಎತ್ತಲಿಲ್ಲ. ಎಂಟು ದಿನದಲ್ಲಿ ಅವನು ಹೃದಯಾಘಾತದಿಂದ ತೀರಿಕೊಂಡ. ಏನು ಹೇಳಲು ಕರೆದಿದ್ದನೋ ಇಂದಿಗೂ ತಿಳಿಯದು. ಈ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಕಲ್ಪಿಸಿದೆನೆಂದು ಬೀಗಿದ ಕತೆ, ಕೋಟೆಯ ಬಾಗಿಲನ್ನು ಹೊದ್ದ ನನ್ನದೇ ಕತೆಯಾಗಿತ್ತು.

ಹುಡುಗ ನನ್ನ ಮುಖ ನೋಡಿದವನೇ ಪುಸ್ತಕ ಮುಚ್ಚಿ, “ಮಾವ, ಇವತ್ತಿಗೆ ಸಾಕು. ಕಾಫಿ ಕುಡಿಯೋಣ” ಎಂದ. ಕಾರಣ ಕೇಳಲಿಲ್ಲ. ಎಲ್ಲರೂ ಹೋದ ಮೇಲೆ ಜಗಲಿಯಲ್ಲಿ ಕುಳಿತು ನಾನಾಗಿಯೇ ಹೇಳಿದೆ.

ನಮ್ಮ ಅಲಂಕಾರಿಕರು ಶೋಕವನ್ನೂ ಕರುಣರಸವನ್ನೂ ಬೇರೆಬೇರೆಯಾಗಿ ಎಣಿಸಿದ್ದು ಸುಮ್ಮನೆಯಲ್ಲ. ತನ್ನ ಮನೆಯ ಸಾವಿನಲ್ಲಿ ಅಳುವವನಿಗೆ ಆಗುವುದು ಶೋಕ, ಅದರಲ್ಲಿ ರಸವಿಲ್ಲ. ಅದೇ ದುಃಖ ‘ನನ್ನದು’, ‘ಅವನದು’ ಎಂಬ ಗಂಟನ್ನು ಕಳಚಿಕೊಂಡು ಎಲ್ಲರದೂ ಆದಾಗ ಮಾತ್ರ ಕರುಣ. ಭಟ್ಟನಾಯಕನು ಹೇಳಿ, ಅಭಿನವಗುಪ್ತನು ಬೆಳೆಸಿದ ಸಾಧಾರಣೀಕರಣವೆಂಬ ತತ್ತ್ವ ಇದು. ಪಾತ್ರದಾಟದವರು ಇದೇ ತೊಡಕನ್ನು ಬೇರೆ ದಾರಿಯಿಂದ ಕಂಡು ‘ಬ್ಲೀಡ್’ ಎಂದು ಹೆಸರಿಟ್ಟಿದ್ದಾರೆ. ಒಗೆಯುವಾಗ ಒಂದು ಬಟ್ಟೆಯ ಬಣ್ಣ ಇನ್ನೊಂದಕ್ಕೆ ಹತ್ತುವಂತೆ, ಆಟಗಾರನ ಮನಸ್ಸು ಪಾತ್ರಕ್ಕೂ ಪಾತ್ರದ ಮನಸ್ಸು ಆಟಗಾರನಿಗೂ ಹತ್ತಿಕೊಳ್ಳುವುದು ಅದರ ಅರ್ಥ. ಸ್ವಲ್ಪ ಹತ್ತಿದರೆ ಪಾತ್ರಕ್ಕೆ ಜೀವ ಬರುತ್ತದೆ. ಮಿತಿಮೀರಿದರೆ ಆಟ ಆಟವಾಗಿ ಉಳಿಯುವುದಿಲ್ಲ.

ಇದಕ್ಕೆ ಆಟದವರೇ ಕೆಲವು ಕಟ್ಟುಪಾಡುಗಳನ್ನು ಮಾಡಿಕೊಂಡಿದ್ದಾರೆ. ಆಡುವುದಕ್ಕೆ ಮೊದಲು ಎಲ್ಲರೂ ಒಮ್ಮೆ ಕೂಡಿ, ಕತೆ ಎಂಥದು, ಯಾರಿಗೆ ಯಾವ ವಿಷಯ ಬೇಡ ಎಂಬುದನ್ನು ಮಾತಾಡಿಕೊಳ್ಳುವುದು ಒಂದು. ಇದು ಲೆಕ್ಕಕ್ಕೆ ಸೇರದ ಕೂಟವಾದ್ದರಿಂದ ಇದನ್ನು ‘ಸೊನ್ನೆಯ ಕೂಟ’ ಎನ್ನುತ್ತಾರೆ. ಅಮೆರಿಕದ ರಾನ್ ಎಡ್ವರ್ಡ್ಸ್ ಎಂಬ ಆಟದ ಕರ್ತೃ ಎರಡು ಬಗೆಯ ಮಿತಿಗಳನ್ನು ಹೇಳಿದ್ದಾರೆ. ಕನ್ನಡದಲ್ಲಿ ಅವನ್ನು ಗೆರೆ, ತೆರೆ ಎನ್ನಬಹುದು. ಗೆರೆಯ ಆಚೆಗಿನ ವಿಷಯ ಕತೆಯಲ್ಲಿ ಬರುವಂತೆಯೇ ಇಲ್ಲ. ತೆರೆಯ ಹಿಂದಿನದು ಕತೆಯಲ್ಲಿ ನಡೆಯಬಹುದು, ಆದರೆ ವರ್ಣಿಸುವಂತಿಲ್ಲ. ಜಾನ್ ಸ್ಟಾವ್ರೋಪೌಲೋಸ್ ಎಂಬುವರು ಬಳಕೆಗೆ ತಂದ ಉಪಾಯ ಇನ್ನೂ ಸುಲಭ. ಅಡ್ಡಗೀಟು ಹಾಕಿದ ಒಂದು ಚೀಟಿಯನ್ನು ಮೇಜಿನ ನಡುವೆ ಇಟ್ಟಿರುತ್ತಾರೆ. ಯಾರು ಅದನ್ನು ಮುಟ್ಟಿದರೂ ಆ ಸನ್ನಿವೇಶವನ್ನು ಅಲ್ಲಿಗೇ ಬಿಟ್ಟು ಮುಂದಕ್ಕೆ ಸಾಗಬೇಕು; ಕಾರಣ ಕೇಳಕೂಡದು. ನಮ್ಮ ಮನೆಯ ಮೇಜಿನ ಮೇಲೆ ಅಂದು ಚೀಟಿಯಿರಲಿಲ್ಲ. ಹುಡುಗನ ವಿವೇಕ ಆ ಕೆಲಸ ಮಾಡಿತು. ಎಲ್ಲ ಮೇಜಿನಲ್ಲೂ ಅಂಥ ವಿವೇಕ ಇದ್ದೇ ಇರುವುದೆಂದು ನಂಬಲಾಗದು. ಚೀಟಿ ಇದ್ದರೆ ಒಳ್ಳೆಯದು.

ಇಲ್ಲೇ ಇನ್ನೊಂದು ಎಚ್ಚರಿಕೆ ಹೇಳಬೇಕು. ಆಟ ಔಷಧವಲ್ಲ. ತಾಳಲಾರದ ದುಃಖವನ್ನು ಹೊತ್ತವರು ಅದನ್ನು ದಾಳದ ಮುಂದಿಟ್ಟು ಪರಿಹಾರ ಬಯಸಬಾರದು. ಬಲ್ಲ ವೈದ್ಯರಲ್ಲಿಯೋ ನೆಚ್ಚಿನ ಬಂಧುಗಳಲ್ಲಿಯೋ ಹೇಳಿಕೊಳ್ಳಬೇಕು. ಹಾಗೆಯೇ ಮನಸ್ಸಿನ ರೋಗವನ್ನು ನಗೆಪಾಟಲಿನ ವೇಷವಾಗಿ ತೊಡುವುದೂ ಸಲ್ಲದು. ಮೇಜಿನಲ್ಲಿ ಕುಳಿತ ನಾಲ್ವರಲ್ಲಿ ಒಬ್ಬರ ಮನೆಯಲ್ಲಿ ಅದು ನಿಜವಾಗಿಯೇ ಇದ್ದೀತು.

ಮಲ್ಲಯ್ಯನನ್ನು ನಾನು ಬಿಟ್ಟುಬಿಡಲಿಲ್ಲ. ಎರಡು ದಿನ ಬಿಟ್ಟು, ಹಾಳೆಯ ಮೇಲೆ ‘ತಮ್ಮ’ ಎಂಬ ಪದವನ್ನು ಹೊಡೆದು ‘ಉಪ್ಪಿನ ವ್ಯಾಪಾರಿ’ ಎಂದು ಬರೆದೆ. ಅಂದು ಬಾಗಿಲಲ್ಲಿ ಸತ್ತವನು ಹೆಸರು ತಿಳಿಯದ ಒಬ್ಬ ವ್ಯಾಪಾರಿ. ಇಷ್ಟು ದೂರ ಸರಿದೊಡನೆ ನೋವು ಆಡಲು ತಕ್ಕದ್ದಾಯಿತು. ವಿಚಿತ್ರವೆಂದರೆ ಪಾತ್ರಕ್ಕೆ ಅದರಿಂದ ನಷ್ಟವಾಗಲಿಲ್ಲ; ಸಂಬಂಧವಿಲ್ಲದವನಿಗಾಗಿ ಕೊರಗುವ ಮನುಷ್ಯನೆಂದು ಹುಡುಗರಿಗೆ ಅವನ ಮೇಲೆ ಗೌರವವೇ ಹೆಚ್ಚಿತು.

ರಜೆಯ ಕೊನೆಯ ಸಂಜೆ ಆಟದಲ್ಲಿ ಮತ್ತೆ ಒಂದು ಬಾಗಿಲು ಬಂತು. ಈ ಸಲ ಹೊರಗೆ ಉಳಿದವಳು ಕಳ್ಳಿ. ಬೆನ್ನಟ್ಟಿ ಬರುವವರು ಹತ್ತಿರವಾಗುತ್ತಿದ್ದರು. ಒಳಗಿನ ದಳಪತಿ ತೆರೆಯಕೂಡದೆಂದ. ಮಲ್ಲಯ್ಯ ಅಗುಳಿಗೆ ಕೈ ಹಾಕಿದ. ದಾಳದಲ್ಲಿ 11 ಬೀಳಬೇಕಾಗಿತ್ತು, 7 ಬಿತ್ತು. ಬಾಗಿಲು ತೆರೆಯಿತು, ಕಳ್ಳಿ ಒಳಗೆ ಬಂದಳು, ಆದರೆ ಬಾಣವೊಂದು ಮಲ್ಲಯ್ಯನ ಹೆಗಲಿಗೆ ನಾಟಿತು ಎಂದು ಸೂತ್ರಧಾರ ತೀರ್ಪು ಕೊಟ್ಟ. ವೈದ್ಯೆ ಮದ್ದು ಕಟ್ಟಿದಳು. ಈ ಸಲ ಮಲ್ಲಯ್ಯ ಕೈ ಕೊಡವಲಿಲ್ಲ. ಮಲಗುವ ಹೊತ್ತಿಗೆ ನಾನು ಎಣಿಸಲು ಬಾಯಿ ತೆರೆದಾಗ ಆ ಹುಡುಗಿ, “ಸಾರ್, ಇವತ್ತು ಎಣಿಕೆ ನಾನು ಮಾಡ್ತೀನಿ” ಎಂದು ಬೆರಳು ತೋರಿಸುತ್ತಾ ಎಣಿಸಿದಳು. ನನ್ನನ್ನೂ ಸೇರಿಸಿ ನಾಲ್ಕು ಎಂದಳು. ಅಲ್ಲಿಯವರೆಗೆ ಮಲ್ಲಯ್ಯ ತನ್ನನ್ನು ಎಣಿಸಿಕೊಂಡಿರಲಿಲ್ಲವೆಂಬುದು ನನಗೆ ಆಗ ಹೊಳೆಯಿತು.

ನಿಮ್ಮ ಮನೆಯ ಹುಡುಗರು ಮೇಜಿನ ಸುತ್ತ ಕುಳಿತು ದಾಳ ಉರುಳಿಸುತ್ತಾ ಯಾವುದೋ ಕೋಟೆಯ ಮಾತಾಡುತ್ತಿದ್ದರೆ ಗದರಿಸುವ ಮುನ್ನ ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತು ಕೇಳಿ. ಒಂದು ಸ್ಥಾನ ಖಾಲಿಯಿದ್ದರೆ ನೀವೂ ಆಡಿ. ಪಾತ್ರಕ್ಕೆ ಒಂದು ನೋವನ್ನು ಕೊಡುವುದಾದರೆ, ಅದು ನಿಮ್ಮ ನೋವಿಗೆ ತೀರ ಹತ್ತಿರವಾಗದಿರಲಿ. ಜೊತೆಯವರು ಬಂದು ತಟ್ಟಲು ಅದಕ್ಕೊಂದು ಬಾಗಿಲಿರಲಿ.